ಲೋಕಚರಿತ್ರೆಯ ಪರ್ವಗಳೂ ಶಾಲೆಯ ಪಾಠವೂ

೧

ಪರ್ವವೆಂಬ ಶಬ್ದಕ್ಕೆ ಗಿಣ್ಣು ಎಂಬ ಅರ್ಥವುಂಟು. ಕಬ್ಬಿನಲ್ಲಿಯೂ ಬಿದಿರಿನಲ್ಲಿಯೂ ಒಂದಷ್ಟು ಉದ್ದ ಬೆಳೆದಮೇಲೆ ಒಂದು ಗಿಣ್ಣು ಬರುತ್ತದೆ. ಅಲ್ಲಿಗೆ ಹಿಂದಿನ ತುಂಡು ಮುಗಿದು ಮುಂದಿನದು ಮೊದಲಾಗುತ್ತದೆ. ಕಬ್ಬಿನ ಹೊಸ ಮೊಳಕೆ ಒಡೆಯುವುದೂ ಆ ಗಿಣ್ಣಿನಲ್ಲಿಯೇ. ಹುಣ್ಣಿಮೆ ಅಮಾವಾಸ್ಯೆಗಳು ಪಕ್ಷಗಳ ಸಂಧಿಯಾದುದರಿಂದ ಪರ್ವಗಳೆನಿಸಿದುವು. ಭಾರತದ ಹದಿನೆಂಟು ಭಾಗಗಳಿಗೂ ಅದೇ ಹೆಸರು ಬಂದಿತು. ಶಾಲೆಗಳಲ್ಲಿ ಲೋಕಚರಿತ್ರೆಯನ್ನು ಕಲಿಸುವಾಗ ೧೪೫೩, ೧೭೮೯, ೧೯೧೪ ಎಂದು ಮುಂತಾಗಿ ಕೆಲವು ವರ್ಷಗಳನ್ನು ಆರಿಸಿ, ಲೋಕದ ಗತಿ ಇಲ್ಲಿ ತಿರುಗಿತು ಎಂದು ಹೇಳುವುದುಂಟಷ್ಟೆ. ಇವೂ ಒಂದು ಬಗೆಯ ಪರ್ವಗಳೇ.

ಆದರೆ ಇಲ್ಲಿ ಒಂದು ಭೇದವಿದೆ. ಕಬ್ಬಿನ ಗಿಣ್ಣನ್ನಾಗಲಿ ಹುಣ್ಣಿಮೆಯನ್ನಾಗಲಿ ಯಾರೂ ಗೊತ್ತುಮಾಡಬೇಕಾಗಿಲ್ಲ. ಕಣ್ಣಿದ್ದವರಿಗೆಲ್ಲ ಅವು ಕಾಣುತ್ತವೆ. ಚರಿತ್ರೆಯ ಗಿಣ್ಣನ್ನು ಗೊತ್ತುಮಾಡಿದವರು ಮನುಷ್ಯರು. ಅದೂ ಬಹುಮಟ್ಟಿಗೆ ಸಂಗತಿ ನಡೆದು ಬಹುಕಾಲವಾದಮೇಲೆ. ಯಾರು ಗೊತ್ತುಮಾಡಿದರು, ಯಾವ ಆಧಾರದಿಂದ ಮಾಡಿದರು, ಯಾವ ನೆಲದಲ್ಲಿ ನಿಂತು ನೋಡಿದರು ಎಂಬುದನ್ನು ಬಿಟ್ಟು ವರ್ಷವನ್ನು ಮಾತ್ರ ಕಲಿಸಿದರೆ, ವಿದ್ಯಾರ್ಥಿಗೆ ತೀರ್ಪು ದೊರೆಯುತ್ತದೆಯೇ ಹೊರತು ವಿಚಾರಣೆ ದೊರೆಯುವುದಿಲ್ಲ. ಪರ್ವಗಳನ್ನೇ ಬಿಟ್ಟುಬಿಡಬೇಕೆಂದು ಇದರ ತಾತ್ಪರ್ಯವಲ್ಲ. ಗಿಣ್ಣಿಲ್ಲದ ಕಬ್ಬಿಲ್ಲ, ವಿಭಾಗವಿಲ್ಲದ ಚರಿತ್ರೆಯನ್ನು ಯಾವ ಉಪಾಧ್ಯಾಯನೂ ಬೋಧಿಸಲಾರನು. ಪ್ರತಿಯೊಂದು ಪರ್ವವನ್ನೂ ಪರೀಕ್ಷೆಗೆ ಒಳಪಟ್ಟ ತೀರ್ಪೆಂದು ಭಾವಿಸಿ ಕಲಿಸಬೇಕು ಎಂಬುದಷ್ಟೇ ಇಲ್ಲಿ ನಿರೂಪಿಸತಕ್ಕ ವಿಷಯ.

೨

ಪುರಾತನ, ಮಧ್ಯಕಾಲೀನ, ಆಧುನಿಕ ಎಂಬ ಮೂರು ವಿಭಾಗಗಳು ಎಷ್ಟು ರೂಢವಾಗಿವೆಯೆಂದರೆ, ಅವುಗಳನ್ನು ಯಾರಾದರೂ ಏರ್ಪಡಿಸಿರಬಹುದೆಂಬ ಯೋಚನೆಯೇ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಜರ್ಮನಿಯ ಶಾಲೆಗಳಲ್ಲಿ ಹದಿನೇಳನೆಯ ಶತಮಾನದಲ್ಲಿಯೂ ಬೇರೊಂದು ಕ್ರಮ ಬಳಕೆಯಲ್ಲಿದ್ದಿತು. ಬೈಬಲಿನ ದಾನಿಯೇಲನ ಗ್ರಂಥವನ್ನು ಅನುಸರಿಸಿ, ಬಾಬಿಲೋನು, ಪಾರಸೀಕ, ಗ್ರೀಕು, ರೋಮು ಎಂಬ ನಾಲ್ಕು ಸಾಮ್ರಾಜ್ಯಗಳಾಗಿ ಚರಿತ್ರೆಯನ್ನು ವಿಭಾಗಿಸುತ್ತಿದ್ದರು. ಯೋಹಾನ್ ಸ್ಲೈಡನ್ ಎಂಬವನು ಬರೆದು ೧೫೫೬ರಲ್ಲಿ ಪ್ರಕಟವಾದ ನಾಲ್ಕು ಸಾಮ್ರಾಜ್ಯಗಳ ಪುಸ್ತಕವು ಬಹುಕಾಲ ಪಠ್ಯವಾಗಿದ್ದಿತು. ಈ ಕ್ರಮದಲ್ಲಿ ರೋಮು ಕಡೆಯ ಸಾಮ್ರಾಜ್ಯ. ಜರ್ಮನ್ ಚಕ್ರವರ್ತಿಗಳ ಆಳಿಕೆಯೂ ಅದರ ಮುಂದುವರಿಕೆ. ಆದುದರಿಂದ ಹೊಸ ಕಾಲವೆಂಬುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ತಮ್ಮ ಕಾಲಕ್ಕೂ ಪ್ರಾಚೀನ ರೋಮಿಗೂ ನಡುವೆ ಒಂದು ಮಧ್ಯಕಾಲವಿದ್ದಿತೆಂಬ ಭಾವನೆ ಇಟಲಿಯ ಪಂಡಿತರಲ್ಲಿ ಮೊದಲೇ ಮೂಡಿದ್ದಿತು. ಅದನ್ನು ಎಲ್ಲೆ ಕಟ್ಟಿ ಶಾಲೆಯ ಪಾಠವನ್ನಾಗಿ ಮಾಡಿದವನು ಕ್ರಿಸ್ಟಾಫ್ ಕೆಲ್ಲಾರಿಯಸ್ (೧೬೩೮–೧೭೦೭). ಈತನು ಜರ್ಮನಿಯ ವೈಮಾರ್, ಮೆರ್ಸೆಬುರ್ಗ್ ಮೊದಲಾದ ಪಟ್ಟಣಗಳ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯನಾಗಿದ್ದು, ಬಳಿಕ ಹಾಲೆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಪ್ರಾಚೀನ ಚರಿತ್ರೆಯನ್ನು ೧೬೮೫ರಲ್ಲಿಯೂ, ಮಧ್ಯಕಾಲದ ಚರಿತ್ರೆಯನ್ನು ೧೬೮೮ರಲ್ಲಿಯೂ, ನವೀನ ಚರಿತ್ರೆಯನ್ನು ೧೬೯೬ರಲ್ಲಿಯೂ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಎರಡನೆಯ ಪುಸ್ತಕದ ಎಲ್ಲೆಗಳು ಅದರ ಹೆಸರಿನಲ್ಲಿಯೇ ಇವೆ: ಚಕ್ರವರ್ತಿಯಾದ ಕಾನ್‌ಸ್ಟಂಟೈನನ ಕಾಲದಿಂದ ತುರುಕರು ಕಾನ್‌ಸ್ಟಾಂಟಿನೋಪಲನ್ನು ಹಿಡಿದ ಕಾಲದವರೆಗೆ. ಹೀಗೆ ೧೪೫೩ನೆಯ ವರ್ಷವು ಲೋಕಚರಿತ್ರೆಯ ಗಡಿಗಲ್ಲಾಯಿತು. ಆ ಗಡಿಗಲ್ಲನ್ನು ನೆಟ್ಟುದು ಒಬ್ಬ ಶಾಲೆಯ ಉಪಾಧ್ಯಾಯ. ನೆಟ್ಟ ಉದ್ದೇಶ ಪಾಠದ ಅನುಕೂಲ. ಇದರಲ್ಲಿ ತಪ್ಪೇನೂ ಇಲ್ಲ. ಅನುಕೂಲಕ್ಕಾಗಿ ನೆಟ್ಟುದನ್ನು ಪ್ರಕೃತಿಯೇ ನೆಟ್ಟಿತೆಂದು ಮುಂದಿನವರು ನಂಬಿದುದರಲ್ಲಿ ತಪ್ಪಿದೆ.

೩

೧೪೫೩ರ ಮೇ ೨೯ರಂದು, ಇಪ್ಪತ್ತೊಂದು ವರ್ಷದ ಸುಲ್ತಾನ ಎರಡನೆಯ ಮಹಮ್ಮದನು ಕಾನ್‌ಸ್ಟಾಂಟಿನೋಪಲನ್ನು ಗೆದ್ದನು. ಇದರಿಂದ ಆಧುನಿಕ ಯುಗ ಹುಟ್ಟಿತೆಂದು ಹೇಳುವ ಪಠ್ಯಪುಸ್ತಕಗಳು ಎರಡು ಕಾರಣಗಳನ್ನು ಕೊಡುವುದು ವಾಡಿಕೆ. ಗ್ರೀಕು ಪಂಡಿತರು ಹಸ್ತಪ್ರತಿಗಳೊಡನೆ ಇಟಲಿಗೆ ಓಡಿಬಂದುದರಿಂದ ವಿದ್ಯೆಯ ಪುನರುಜ್ಜೀವನವಾಯಿತೆಂಬುದು ಒಂದು. ತುರುಕರು ಪೂರ್ವದೇಶದ ವ್ಯಾಪಾರಮಾರ್ಗವನ್ನು ಮುಚ್ಚಿದುದರಿಂದ ಯೂರೋಪಿನವರು ಸಮುದ್ರಮಾರ್ಗವನ್ನು ಹುಡುಕಬೇಕಾಯಿತೆಂಬುದು ಮತ್ತೊಂದು.

ಎರಡನ್ನೂ ಕಾಲಾನುಕ್ರಮಣಿಕೆಯ ಮುಂದಿಟ್ಟು ನೋಡಬಹುದು. ಮಾನುಯೆಲ್ ಕ್ರಿಸೊಲೊರಾಸ್ ಎಂಬ ಗ್ರೀಕು ವಿದ್ವಾಂಸನು ಫ್ಲಾರೆನ್ಸಿನಲ್ಲಿ ಗ್ರೀಕು ಭಾಷೆಯನ್ನು ಕಲಿಸಲಾರಂಭಿಸಿದುದು ೧೩೯೭ರಲ್ಲಿ. ಪಟ್ಟಣ ಬೀಳುವುದಕ್ಕೆ ಐವತ್ತಾರು ವರ್ಷಗಳ ಮೊದಲು. ಪೋರ್ಚುಗೀಸರು ಆಫ್ರಿಕದ ಉತ್ತರ ತೀರದ ಸ್ಯೂಟವನ್ನು ಹಿಡಿದುದು ೧೪೧೫ರಲ್ಲಿ. ಪಶ್ಚಿಮ ತೀರದ ಬೊಜಡೋರ್ ಭೂಶಿರವನ್ನು ದಾಟಿದುದು ೧೪೩೪ರಲ್ಲಿ. ಇನ್ನು ಮೆಣಸು ಮೊದಲಾದ ಸಂಬಾರಪದಾರ್ಥಗಳು ವೆನಿಸ್ಸಿನ ವರ್ತಕರಿಗೆ ಮುಖ್ಯವಾಗಿ ದೊರೆಯುತ್ತಿದ್ದುದು ಅಲೆಕ್ಸಾಂಡ್ರಿಯ ಬೈರೂತ್ ರೇವುಗಳಲ್ಲಿ. ಈಜಿಪ್ಟೂ ಸಿರಿಯವೂ ಆಗ ಮಾಮ್ಲೂಕ್ ಸುಲ್ತಾನರ ಕೈಯಲ್ಲಿದ್ದುವು. ಆಟೊಮನ್ ತುರುಕರಿಗೆ ಅವು ಸೇರಿದುದು ೧೫೧೬–೧೭ರಲ್ಲಿ. ವಾಸ್ಕೊ ಡ ಗಾಮನು ಕಲ್ಲಿಕೋಟೆಯನ್ನು ಮುಟ್ಟಿ ಆ ವೇಳೆಗೆ ಸುಮಾರು ಹತ್ತೊಂಬತ್ತು ವರ್ಷಗಳಾಗಿದ್ದುವು. ಅಮೆರಿಕದ ಚರಿತ್ರಕಾರ ಲೈಬಯರ್ ಎಂಬವರು ೧೯೧೫ರಲ್ಲಿಯೇ ಈ ಮಾರ್ಗಗಳ ವಿಷಯವನ್ನು ಪರಿಶೋಧಿಸಿ, ತುರುಕರು ದಾರಿ ಮುಚ್ಚಿದರೆಂಬ ವಾದ ನಿಲ್ಲುವುದಿಲ್ಲವೆಂದು ತೋರಿಸಿದರು. ಆದರೂ ಶಾಲೆಯ ಪುಸ್ತಕಗಳಲ್ಲಿ ಆ ವಾದ ಅಳಿಯಲಿಲ್ಲ.

ಹಾಗಾದರೆ ೧೪೫೩ರಲ್ಲಿ ಏನೂ ತಿರುಗಲಿಲ್ಲವೇ? ತಿರುಗಿತು. ಸಾವಿರ ವರ್ಷಗಳಿಗೂ ಮಿಕ್ಕು ಬಾಳಿದ ಪೂರ್ವ ರೋಮು ಸಾಮ್ರಾಜ್ಯ ಅಂದು ಮುಗಿಯಿತು. ಆಟೊಮನ್ನರಿಗೆ ಎರಡು ಖಂಡಗಳ ನಡುವೆ ರಾಜಧಾನಿ ದೊರೆಯಿತು. ಗ್ರೀಕರಿಗೆ ಅದು ಅಂತ್ಯ, ತುರುಕರಿಗೆ ಆದಿ. ಪರ್ವವು ನಿಜ, ಅದಕ್ಕೆ ಹೇಳುವ ಕಾರಣಗಳು ಸಡಿಲ.

ಅದೇ ಸಂಗತಿಯನ್ನು ಕರ್ಣಾಟಕದಿಂದ ನೋಡಿದರೆ ಬೇರೆ ವರ್ಷಗಳು ಎದ್ದು ಕಾಣುತ್ತವೆ. ೧೪೫೩ರಲ್ಲಿ ವಿಜಯನಗರವನ್ನು ಮಲ್ಲಿಕಾರ್ಜುನನು ಆಳುತ್ತಿದ್ದನು. ಕಾನ್‌ಸ್ಟಾಂಟಿನೋಪಲಿನ ಪತನದಿಂದ ಆ ರಾಜ್ಯದ ಗತಿ ಬದಲಾದುದಕ್ಕೆ ಗುರುತಿಲ್ಲ. ಆದರೆ ೧೪೯೮ರ ಪರಿಣಾಮ ಹನ್ನೆರಡು ವರ್ಷಗಳೊಳಗೆ ಕನ್ನಡ ಕರಾವಳಿಯನ್ನು ಮುಟ್ಟಿತು. ಹೊನ್ನಾವರದ ಕಡೆಯ ನೌಕಾನಾಯಕ ತಿಮ್ಮೋಜನು ನೆರವಾಗಲು ಅಲ್ಬುಕರ್ಕನು ೧೫೧೦ರಲ್ಲಿ ಗೋವೆಯನ್ನು ಗೆದ್ದನು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳ ವ್ಯಾಪಾರದ ಮೇಲೆ ಪೋರ್ಚುಗೀಸರ ಹಿಡಿತ ಅಲ್ಲಿಂದ ಬಿಗಿಯಾಯಿತು. ಆ ಸಾಮ್ರಾಜ್ಯದ ದೊಡ್ಡ ಪರ್ವ ೧೫೬೫ರದು. ಲೋಕಚರಿತ್ರೆಗೆ ಒಂದೇ ಗಡಿಯಾರವಿಲ್ಲವೆಂಬುದನ್ನು ವಿದ್ಯಾರ್ಥಿಗೆ ತಿಳಿಸಲು ಇದೊಂದು ನಿದರ್ಶನ ಸಾಕು.

೪

೧೭೮೯ರ ಫ್ರೆಂಚ್ ಮಹಾಕ್ರಾಂತಿಯನ್ನು ಪರ್ವವಲ್ಲವೆಂದು ಯಾರೂ ಹೇಳಲಾರರು. ಆದರೆ ಅದರ ಯಾವ ದಿನ ಪರ್ವ? ಮೇ ೫ರಂದು ಮೂರು ವರ್ಗಗಳ ಮಹಾಸಭೆ ಕೂಡಿತು. ಜೂನ್ ೧೭ರಂದು ಮೂರನೆಯ ವರ್ಗದವರು ತಾವೇ ರಾಷ್ಟ್ರಸಭೆಯೆಂದು ಸಾರಿದರು. ಪ್ರಭುತ್ವದ ಮೂಲವು ದೊರೆಯಿಂದ ಜನಕ್ಕೆ ವರ್ಗವಾದುದು ಆ ದಿನವೆಂದು ವಾದಿಸಬಹುದು. ಆಗಸ್ಟ್ ೪ರ ರಾತ್ರಿ ಪಾಳೆಯಗಾರಿಕೆಯ ಹಕ್ಕುಗಳನ್ನು ರದ್ದುಪಡಿಸುವ ನಿರ್ಣಯವಾಯಿತು. ರೈತನ ಪಾಲಿಗೆ ಅದೇ ಪರ್ವ. ಶಾಲೆಯ ಮಕ್ಕಳಿಗೆ ನೆನಪಿರುವುದಾದರೋ ಜುಲೈ ೧೪. ಬಾಸ್ತೀಲು ಕೋಟೆ ಬಿದ್ದ ಆ ದಿನ ಅದರೊಳಗೆ ಇದ್ದ ಸೆರೆಯವರು ಏಳೇ ಮಂದಿ. ಅದನ್ನು ಫ್ರಾನ್ಸಿನ ರಾಷ್ಟ್ರೀಯ ಹಬ್ಬವೆಂದು ಶಾಸನದಿಂದ ಗೊತ್ತುಮಾಡಿದುದು ೧೮೮೦ರಲ್ಲಿ, ತೊಂಬತ್ತೊಂದು ವರ್ಷಗಳ ಮೇಲೆ. ಗಣರಾಜ್ಯವು ತನ್ನ ಜನ್ಮಕಥೆಯನ್ನು ಆರಿಸಿಕೊಂಡ ಬಗೆ ಇದರಲ್ಲಿ ಕಾಣುತ್ತದೆ.

ಕ್ರಾಂತಿ ಯಾರ ಪಾಲಿಗೆ ತಿರುವಾಯಿತೆಂಬುದು ಇನ್ನೊಂದು ಪ್ರಶ್ನೆ. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರೂ ಹಕ್ಕುಗಳಲ್ಲಿ ಸಮಾನರೂ ಎಂಬ ಘೋಷಣೆ ೧೭೮೯ರ ಆಗಸ್ಟಿನಲ್ಲಿ ಹೊರಟಿತು. ಫ್ರೆಂಚರ ಸಕ್ಕರೆಯ ದ್ವೀಪವಾಗಿದ್ದ ಸಾಂ ದೊಮಿಂಗಿನ ಗುಲಾಮರಿಗೆ ಅದರಿಂದ ಬಿಡುಗಡೆ ದೊರೆಯಲಿಲ್ಲ. ಅವರು ೧೭೯೧ರ ಆಗಸ್ಟಿನಲ್ಲಿ ತಾವೇ ದಂಗೆಯೆದ್ದರು. ೧೭೯೪ರ ಫೆಬ್ರವರಿಯಲ್ಲಿ ಪ್ಯಾರಿಸಿನ ಸಭೆ ಗುಲಾಮಗಿರಿಯನ್ನು ತೆಗೆದುಹಾಕಿತು. ೧೮೦೨ರಲ್ಲಿ ನೆಪೋಲಿಯನ್ನನು ವಸಾಹತುಗಳಲ್ಲಿ ಅದನ್ನು ಮರಳಿ ಸ್ಥಾಪಿಸಹೊರಟನು. ೧೮೦೪ರ ಜನವರಿ ೧ರಂದು ಹೈಟಿ ಸ್ವತಂತ್ರ ರಾಷ್ಟ್ರವಾಯಿತು. ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ೧೭೯೧ರಲ್ಲಿ ಬರೆದ ಒಲಿಂಪ್ ದ ಗೂಜ್ ಎಂಬಾಕೆ ೧೭೯೩ರಲ್ಲಿ ಶಿರಚ್ಛೇದಕ್ಕೆ ಗುರಿಯಾದಳು. ಫ್ರೆಂಚ್ ಸ್ತ್ರೀಯರಿಗೆ ಮತದಾನದ ಹಕ್ಕು ಬಂದುದು ೧೯೪೪ರಲ್ಲಿ. ಹೈಟಿಯ ಹೆಸರೂ ಈಕೆಯ ಹೆಸರೂ ಇಲ್ಲದ ಪಾಠವು ಕ್ರಾಂತಿಯ ಅರ್ಧಾಂಶವನ್ನೇ ಕಲಿಸಿದಂತೆ.

ಈ ಪರ್ವಕ್ಕೂ ಮೈಸೂರಿಗೂ ನಿಜವಾದ ಸಂಬಂಧವುಂಟು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವನ್ನು ಬೇಡಲು ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು ೧೭೮೮ರ ಆಗಸ್ಟ್ ೧೦ರಂದು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ ೮ರಂದು, ಮುಂದಿನ ವರ್ಷ ಮೂರು ವರ್ಗಗಳ ಮಹಾಸಭೆ ಕೂಡುವುದೆಂದು ದೊರೆಯ ಸರ್ಕಾರ ಪ್ರಕಟಿಸಿದ್ದಿತು. ಆರು ದಿನಗಳ ತರುವಾಯ, ಆಗಸ್ಟ್ ೧೬ರಂದು, ಬೊಕ್ಕಸವು ತನ್ನ ಸಾಲಗಳನ್ನು ರೊಕ್ಕದಲ್ಲಿ ಸಲ್ಲಿಸುವುದನ್ನು ನಿಲ್ಲಿಸಬೇಕಾಯಿತು. ರಾಯಭಾರಿಗಳಿಗೆ ಮರ್ಯಾದೆ ದೊರೆಯಿತು, ಸೈನ್ಯ ದೊರೆಯಲಿಲ್ಲ. ಫ್ರಾನ್ಸಿನಲ್ಲಿ ಕ್ರಾಂತಿಯನ್ನು ಹತ್ತಿರಕ್ಕೆ ತಂದ ಸಾಲವೇ ಮೈಸೂರಿಗೆ ಬರಬಹುದಾಗಿದ್ದ ನೆರವಿಗೂ ಅಡ್ಡವಾಯಿತು. ಮುಂದೆ ೧೭೯೮ರ ಜುಲೈಯಲ್ಲಿ ಬೋನಪಾರ್ಟನು ಈಜಿಪ್ಟಿನಲ್ಲಿ ಇಳಿದನು. ಅವನಿಗೂ ಟಿಪ್ಪುವಿಗೂ ಕೂಟವಾಗುವುದೆಂಬ ಭಯವನ್ನು ಮುಂದಿಟ್ಟು ಗವರ್ನರ್ ಜನರಲ್ ವೆಲ್ಲೆಸ್ಲಿಯು ಯುದ್ಧಕ್ಕೆ ಹೊರಟನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಪ್ಯಾರಿಸ್ಸಿನ ಪಾಠವನ್ನೂ ಶ್ರೀರಂಗಪಟ್ಟಣದ ಪಾಠವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ತರಗತಿಗಳಲ್ಲಿ ಓದುವ ವಿದ್ಯಾರ್ಥಿಗೆ ಈ ಸಂಬಂಧ ಕಾಣದೆ ಹೋಗುತ್ತದೆ.

೫

ಕೆಲವು ತಿರುವುಗಳಿಗೆ ತಾರೀಖೇ ಇಲ್ಲ. ಅವು ಎಲ್ಲಕ್ಕಿಂತ ದೊಡ್ಡವಾಗಿದ್ದರೂ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಒಗ್ಗುವುದಿಲ್ಲ. ಕೈಗಾರಿಕಾ ಕ್ರಾಂತಿ ಅಂತಹದು. ಜೇಮ್ಸ್ ವಾಟನು ತನ್ನ ಹಬೆಯಂತ್ರದ ಸುಧಾರಣೆಗೆ ೧೭೬೯ರಲ್ಲಿ ಏಕಸ್ವಾಮ್ಯಪತ್ರವನ್ನು ಪಡೆದನೆಂದು ಬರೆಯಬಹುದು. ಆ ದಿನ ಯಾರ ಬಾಳೂ ಬದಲಾಗಲಿಲ್ಲ. ಕ್ರಾಂತಿಯೆಂಬ ಹೆಸರು ಇಂಗ್ಲೆಂಡಿನಲ್ಲಿ ನೆಲೆಗೊಂಡುದು ಆರ್ನಾಲ್ಡ್ ಟಾಯ್ನ್‌ಬಿಯ (೧೮೫೨–೧೮೮೩) ಉಪನ್ಯಾಸಗಳು ಆತನ ಮರಣಾನಂತರ ೧೮೮೪ರಲ್ಲಿ ಪ್ರಕಟವಾದಮೇಲೆ. ೧೯೮೦ರ ದಶಕದಲ್ಲಿ ಕ್ರಾಫ್ಟ್ಸ್, ಹಾರ್ಲಿ ಮೊದಲಾದ ಅರ್ಥಶಾಸ್ತ್ರಜ್ಞರು ಲೆಕ್ಕಗಳನ್ನು ಮತ್ತೆ ತೂಗಿನೋಡಿ, ಬೆಳವಣಿಗೆ ಹಿಂದೆ ಎಣಿಸಿದ್ದಕ್ಕಿಂತ ನಿಧಾನವಾಗಿದ್ದಿತೆಂದು ತೋರಿಸಿದರು. ಮೈಕೇಲ್ ಫ್ಯಾರಡೆಯು ಅಯಸ್ಕಾಂತದಿಂದ ವಿದ್ಯುತ್ತನ್ನು ಹುಟ್ಟಿಸುವ ತತ್ತ್ವವನ್ನು ೧೮೩೧ರಲ್ಲಿ ಕಂಡನು. ಅದೇ ತತ್ತ್ವದಿಂದ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ೧೯೦೨ರಲ್ಲಿ. ಮೈಸೂರು ಸೀಮೆಯ ಪಾಲಿಗೆ ಈ ತಿರುವಿನ ವರ್ಷ ಯಾವುದು? ಎಪ್ಪತ್ತೊಂದು ವರ್ಷಗಳ ಈ ಅಂತರವನ್ನು ವಿವರಿಸುವುದೇ ಇಲ್ಲಿ ಪಾಠ.

ಇದಕ್ಕೆ ವಿರುದ್ಧವಾದುದು ೧೮೪೮. ಆ ವರ್ಷ ಪ್ಯಾರಿಸ್, ವಿಯೆನ್ನ, ಬರ್ಲಿನ್, ಮಿಲಾನ್ ನಗರಗಳಲ್ಲಿ ಕ್ರಾಂತಿಗಳೆದ್ದು ಒಂದೆರಡು ವರ್ಷಗಳಲ್ಲಿ ಅಡಗಿದುವು. ಚರಿತ್ರೆ ತಿರುಗಬೇಕಾಗಿದ್ದ ಕಡೆ ತಿರುಗದೆ ಹೋಯಿತೆಂಬ ಮಾತು ಆ ವರ್ಷದ ವಿಷಯದಲ್ಲಿ ಇಂಗ್ಲಿಷ್ ಚರಿತ್ರಕಾರರಲ್ಲಿ ರೂಢವಾಗಿದೆ. ರಾಜ್ಯಾಂಗಗಳನ್ನು ಮಾತ್ರ ನೋಡಿದರೆ ಮಾತು ಒಪ್ಪತಕ್ಕದ್ದೇ. ಆದರೆ ಆಸ್ಟ್ರಿಯದ ರೈತನು ಜಹಗೀರುದಾರನ ಜೀತದಿಂದ ಬಿಡುಗಡೆಯಾದುದು ಆ ವರ್ಷದ ಸೆಪ್ಟೆಂಬರಿನಲ್ಲಿ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೂ ರದ್ದಾದುದು ಆ ವರ್ಷದ ಏಪ್ರಿಲಿನಲ್ಲಿ. ಕ್ರಾಂತಿ ಸೋತಿತು, ಬಿಡುಗಡೆಯಾದವರನ್ನು ಮರಳಿ ಕಟ್ಟಲು ಆಗಲಿಲ್ಲ.

೬

ಒಂದೇ ವರ್ಷವನ್ನು ಹಲವು ದೇಶಗಳಿಂದ ನೋಡುವ ಅಭ್ಯಾಸಕ್ಕೆ ೧೯೧೯ಕ್ಕಿಂತ ತಕ್ಕ ವರ್ಷ ದುರ್ಲಭ. ಮಹಾಯುದ್ಧ ಮುಗಿದು, ರಾಷ್ಟ್ರಗಳು ತಮ್ಮ ಆಡಳಿತವನ್ನು ತಾವೇ ನಿರ್ಣಯಿಸಿಕೊಳ್ಳಬೇಕೆಂಬ ತತ್ತ್ವವು ಅಮೆರಿಕದ ಅಧ್ಯಕ್ಷ ವಿಲ್ಸನ್ನನ ಹೆಸರಿನೊಡನೆ ಲೋಕದಲ್ಲೆಲ್ಲ ಹರಡಿದ್ದಿತು. ಯೂರೋಪಿನ ಪಠ್ಯಪುಸ್ತಕಕ್ಕೆ ಆ ವರ್ಷದ ಪರ್ವ ಜೂನ್ ೨೮, ವರ್ಸೇಲ್ಸಿನಲ್ಲಿ ಸಂಧಿಪತ್ರಕ್ಕೆ ರುಜು ಬಿದ್ದ ದಿನ. ಕೊರಿಯದವರಿಗೆ ಮಾರ್ಚ್ ೧. ಜಪಾನಿನ ಆಳಿಕೆಯ ವಿರುದ್ಧ ಅಂದು ಅವರು ಸ್ವಾತಂತ್ರ್ಯವನ್ನು ಸಾರಿದರು. ಈಜಿಪ್ಟಿನಲ್ಲಿ ಅದೇ ಮಾರ್ಚಿನಲ್ಲಿ ಇಂಗ್ಲಿಷರ ವಿರುದ್ಧ ಜನ ಎದ್ದರು. ಭಾರತಕ್ಕೆ ಏಪ್ರಿಲ್ ೧೩, ಅಮೃತಸರದ ಜಲಿಯನ್‌ವಾಲಾ ಬಾಗಿನ ದಿನ. ಚೀನಕ್ಕೆ ಮೇ ೪. ಶಾಂಟುಂಗ್ ಪ್ರಾಂತದಲ್ಲಿ ಜರ್ಮನರಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಡಲು ಪ್ಯಾರಿಸ್ಸಿನಲ್ಲಿ ತೀರ್ಮಾನವಾದುದನ್ನು ಖಂಡಿಸಿ ಪೀಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಚೀನದಲ್ಲಿ ಗ್ರಾಂಥಿಕ ಭಾಷೆಯನ್ನು ಬಿಟ್ಟು ಆಡುನುಡಿಗೆ ಹತ್ತಿರವಾದ ಬರಹ ಬಲಗೊಂಡುದೂ ಆ ಚಳವಳಿಯೊಡನೆ. ಸಂಧಿಪತ್ರವನ್ನೊಂದೇ ಓದಿದವನಿಗೆ ೧೯೧೯ ಒಂದು ಮುಕ್ತಾಯ. ಉಳಿದ ನಾಲ್ಕನ್ನೂ ಸೇರಿಸಿ ಓದಿದವನಿಗೆ ಆರಂಭ.

೭

ಪರ್ವಗಳನ್ನು ಕಲಿಸುವ ರೀತಿಯಿಂದ ಏನು ನಷ್ಟ, ಏನು ಲಾಭ ಎಂದು ಕೇಳುವವರಿಗೆ ೧೯೧೪ರ ಪಾಠದ ಕಥೆಯೇ ಉತ್ತರ. ಆ ಯುದ್ಧ ಯೂರೋಪಿನಲ್ಲಿ ಹುಟ್ಟಿದರೂ ಮೈಸೂರಿನ ಲ್ಯಾನ್ಸರುಗಳು ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲಸ್ತೀನಿನ ಹೈಫಾದಲ್ಲಿ ಕಾದುವಷ್ಟು ದೂರ ಹರಡಿತು. ಯುದ್ಧವನ್ನು ತಂದವರು ಯಾರೆಂಬ ಪ್ರಶ್ನೆಗೆ ವರ್ಸೇಲ್ಸ್ ಸಂಧಿಪತ್ರದ ೨೩೧ನೆಯ ವಿಧಿಯು ಜರ್ಮನಿಯ ಮೇಲೂ ಅದರ ಮಿತ್ರರಾಷ್ಟ್ರಗಳ ಮೇಲೂ ಹೊಣೆಯನ್ನು ಹೊರಿಸಿತು. ಫ್ರಾನ್ಸಿನ ಮಕ್ಕಳು ಒಂದು ಉತ್ತರವನ್ನೂ ಜರ್ಮನಿಯ ಮಕ್ಕಳು ಅದಕ್ಕೆ ವಿರುದ್ಧವಾದ ಉತ್ತರವನ್ನೂ ಕಲಿತು ಬೆಳೆದರು.

ಈ ವಿರೋಧವನ್ನು ತಗ್ಗಿಸಲು ೧೯೩೫ರಲ್ಲಿ ಎರಡು ದೇಶಗಳ ಚರಿತ್ರಕಾರರು ಕೂಡಿ ಪಠ್ಯಪುಸ್ತಕಗಳ ವಿಷಯದಲ್ಲಿ ನಿರ್ಣಯಗಳನ್ನು ಬರೆದರು. ಅವರಲ್ಲಿ ಫ್ರಾನ್ಸಿನ ಪ್ರಸಿದ್ಧ ಪಠ್ಯಪುಸ್ತಕಕಾರನಾದ ಜೂಲ್ಸ್ ಈಸಾಕ್ ಒಬ್ಬನು. ನಾಜಿಗಳ ಆಡಳಿತವಿದ್ದ ಜರ್ಮನಿಯಲ್ಲಿ ಆ ನಿರ್ಣಯಗಳಿಂದ ಫಲವಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಈಸಾಕನು ಯೆಹೂದ್ಯನೆಂಬ ಕಾರಣದಿಂದ ಉದ್ಯೋಗವನ್ನು ಕಳೆದುಕೊಂಡನು. ಆತನ ಪತ್ನಿಯೂ ಮಗಳೂ ೧೯೪೩ರಲ್ಲಿ ಸೆರೆಹಿಡಿಯಲ್ಪಟ್ಟು ಕೊಲೆಗೀಡಾದರು. ಯುದ್ಧಾನಂತರ ೧೯೫೧ರಲ್ಲಿ ಎರಡೂ ದೇಶಗಳ ವಿದ್ವಾಂಸರು ಮತ್ತೆ ಸೇರಿ, ೧೯೧೪ರಲ್ಲಿ ಯೂರೋಪಿನ ಯುದ್ಧವನ್ನು ಮುಂಚೆಯೇ ಸಂಕಲ್ಪಿಸಿದ ದೋಷವನ್ನು ಯಾವ ಸರ್ಕಾರದ ಮೇಲೂ ಯಾವ ಜನದ ಮೇಲೂ ಹೊರಿಸಲು ದಾಖಲೆಗಳು ಎಡೆಗೊಡುವುದಿಲ್ಲವೆಂದು ಒಪ್ಪಿದರು. ಅಲ್ಲಿಗೂ ವಿಚಾರ ಮುಗಿಯಲಿಲ್ಲ. ಜರ್ಮನಿಯವನೇ ಆದ ಫ್ರಿಟ್ಸ್ ಫಿಷರ್ ೧೯೬೧ರಲ್ಲಿ ತನ್ನ ದೇಶದ ದಾಖಲೆಗಳನ್ನು ಶೋಧಿಸಿ, ಜರ್ಮನಿಯ ಹೊಣೆ ಹೆಚ್ಚಿನದೆಂದು ವಾದಿಸಿದನು. ೨೦೦೬ರಲ್ಲಿ ಎರಡು ದೇಶಗಳ ಪ್ರೌಢಶಾಲೆಗಳಿಗೂ ಒಂದೇ ಆದ ಚರಿತ್ರೆಯ ಪುಸ್ತಕದ ಮೊದಲ ಸಂಪುಟ ಎರಡು ಭಾಷೆಗಳಲ್ಲಿಯೂ ಹೊರಬಂದಿತು. ತೀರ್ಪನ್ನು ಮತ್ತೆ ಮತ್ತೆ ವಿಚಾರಣೆಗೆ ತಂದುದರಿಂದ ಸತ್ಯಕ್ಕೆ ಕುಂದುಂಟಾಗಲಿಲ್ಲ, ಹಗೆತನಕ್ಕೆ ಕುಂದುಂಟಾಯಿತು.

೮

ಈ ನಿದರ್ಶನಗಳಿಂದ ಪಾಠಕ್ರಮಕ್ಕೆ ಕೆಲವು ಸೂಚನೆಗಳು ಹೊರಡುತ್ತವೆ. ಯಾವ ಪರ್ವವನ್ನು ಕಲಿಸುವಾಗಲೂ ನಾಲ್ಕು ಪ್ರಶ್ನೆಗಳನ್ನು ತರಗತಿಯ ಮುಂದಿಡಬಹುದು. ಇದಕ್ಕೆ ಮೊದಲು ಸಾಧ್ಯವಾಗಿದ್ದು ಬಳಿಕ ಅಸಾಧ್ಯವಾದುದು ಯಾವುದು, ಮೊದಲು ಅಸಾಧ್ಯವಾಗಿದ್ದು ಬಳಿಕ ಸಾಧ್ಯವಾದುದು ಯಾವುದು? ಯಾರ ಪಾಲಿಗೆ ತಿರುಗಿತು, ಯಾರ ಪಾಲಿಗೆ ತಿರುಗಲಿಲ್ಲ? ತಿರುವೆಂದು ಹೆಸರಿಟ್ಟವರು ಯಾರು, ಯಾವಾಗ? ಹೇಳಿದ ಕಾರಣಗಳು ಕಾಲಾನುಕ್ರಮಣಿಕೆಗೆ ಒಪ್ಪುತ್ತವೆಯೇ? ಕಡೆಯ ಪ್ರಶ್ನೆಗೆ ವರ್ಷಗಳ ಜ್ಞಾನ ಬೇಕೇ ಬೇಕು. ೧೩೯೭, ೧೪೧೫ ಎಂಬ ವರ್ಷಗಳನ್ನು ಅರಿಯದವನು ೧೪೫೩ರ ಕಟ್ಟುಕಥೆಯನ್ನು ಅಲ್ಲಗಳೆಯಲಾರನು. ಆದುದರಿಂದ ತಾರೀಖುಗಳ ಬಾಯಿಪಾಠವನ್ನು ಹಳಿಯುವುದಕ್ಕಿಂತ, ಬಾಯಿಪಾಠವಾದುದನ್ನು ಸಾಕ್ಷ್ಯವಾಗಿ ಬಳಸಲು ಕಲಿಸುವುದು ಮೇಲು.

ಸಾಹಿತ್ಯವನ್ನು ಬೋಧಿಸುವವರಿಗೂ ಈ ವಿಚಾರ ಹೊರತಾದುದಲ್ಲ. ಕನ್ನಡ ಸಾಹಿತ್ಯಚರಿತ್ರೆಯನ್ನು ಜೈನಯುಗ, ವೀರಶೈವಯುಗ, ವೈಷ್ಣವಯುಗ ಎಂದು ಮತಗಳ ಹೆಸರಿನಲ್ಲಿ ವಿಭಾಗಿಸುವ ಕ್ರಮವನ್ನು ಇ. ಪಿ. ರೈಸ್ ಮೊದಲಾದವರು ಬಳಕೆಗೆ ತಂದರು. ಪಾಠಕ್ಕೆ ಅದರಿಂದ ಬಹಳ ಅನುಕೂಲವಾಯಿತು. ಆದರೆ ಹನ್ನೆರಡನೆಯ ಶತಮಾನದ ನಡುವೆ ಜೈನಯುಗ ಮುಗಿಯಿತೆಂದು ಬರೆದುಕೊಂಡ ವಿದ್ಯಾರ್ಥಿಯು, ೧೨೦೯ರಲ್ಲಿ ಯಶೋಧರಚರಿತೆಯನ್ನು ಮುಗಿಸಿದ ಜನ್ನನನ್ನೂ, ಹದಿಮೂರನೆಯ ಶತಮಾನದ ಕೇಶಿರಾಜನನ್ನೂ, ಹದಿನಾರನೆಯ ಶತಮಾನದ ರತ್ನಾಕರವರ್ಣಿಯನ್ನೂ ಎಲ್ಲಿ ಕೂರಿಸಬೇಕು? ವಚನಕಾರರಿಂದ ಕನ್ನಡದ ಗತಿ ತಿರುಗಿದುದು ನಿಜ. ತಿರುಗಿದುದು ಯಾವುದರಲ್ಲಿ, ಯಾರಿಗೆ ಎಂದು ವಿವರಿಸದಿದ್ದರೆ ಆ ನಿಜವೂ ಬರಿಯ ಅಧ್ಯಾಯದ ಹೆಸರಾಗಿ ಉಳಿಯುತ್ತದೆ.

ಕೆಲ್ಲಾರಿಯಸನು ತನ್ನ ಶಿಷ್ಯರಿಗಾಗಿ ನೆಟ್ಟ ಗಡಿಗಲ್ಲು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ನಿಂತಿದೆ. ಅದನ್ನು ಕೀಳಬೇಕಾದುದಿಲ್ಲ. ಅದರ ಆಚೆಯೂ ಈಚೆಯೂ ಇರುವ ಹೊಲ ಒಂದೇ ಎಂಬುದನ್ನೂ, ಬೇರೆ ನಾಡಿನವರು ಬೇರೆ ಕಡೆ ಕಲ್ಲು ನೆಟ್ಟಿದ್ದಾರೆಂಬುದನ್ನೂ ಕಂಡುಕೊಂಡ ವಿದ್ಯಾರ್ಥಿಯು ಪರೀಕ್ಷೆಯಾದಮೇಲೆಯೂ ಚರಿತ್ರೆಯನ್ನು ಮರೆಯಲಾರನು.